ಒಂದು ಪೆನ್ನಿಯ ಕರವೂ ಗ್ರಂಥಾಲಯದ ಸಹಾಯಕರೂ

(ವಾಚನಾಲಯವೊಂದರ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ವಾಚನಾಲಯದ ವಾರ್ಷಿಕ ಸಭೆಯೆಂದರೆ ಅಲ್ಲಿ ಏನೇನು ನಡೆಯುವುದೆಂಬುದು ನಮಗೆಲ್ಲರಿಗೂ ತಿಳಿದ ವಿಷಯವೇ ಆಗಿದೆ. ಕಟ್ಟಡಕ್ಕೆ ಹಣವಿತ್ತ ದಾನಿಗಳನ್ನು ಕೊಂಡಾಡುವೆವು. ಪುಸ್ತಕಗಳನ್ನು ಕೊಟ್ಟ ಮಹನೀಯರ ಹೆಸರುಗಳನ್ನು ಓದುವೆವು. ವರ್ಷದಲ್ಲಿ ಎಷ್ಟು ಗ್ರಂಥಗಳು ಹೊಸದಾಗಿ ಬಂದುವು, ಎಷ್ಟು ಜನ ಓದುಗರಾದರು ಎಂಬ ಲೆಕ್ಕವನ್ನು ಒಪ್ಪಿಸಿ, ಹಾರ ತುರಾಯಿಗಳನ್ನರ್ಪಿಸಿ ಮನೆಗೆ ಹೋಗುವೆವು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮುಂಜಾನೆ ಬಾಗಿಲ ಬೀಗ ತೆಗೆದು, ಧೂಳು ಕೊಡಹಿ, ಪತ್ರಿಕೆಗಳನ್ನು ಜೋಡಿಸಿ, ರಾತ್ರಿ ಕೊನೆಯ ಓದುಗನು ಹೊರಟ ಮೇಲೆ ದೀಪವನ್ನಾರಿಸುವ ಆ ಒಬ್ಬ ಮನುಷ್ಯನ ಹೆಸರು ವರದಿಯ ಯಾವ ಪುಟದಲ್ಲಿಯೂ ಬರುವುದಿಲ್ಲ. ಅವನ ಸಂಬಳವು ಮಾತ್ರ ಖರ್ಚಿನ ಬಾಬಿನಲ್ಲಿ ಒಂದು ಸಾಲಾಗಿ ಬರುತ್ತದೆ. ಅದು ಚಿಕ್ಕದಾಗಿದ್ದಷ್ಟೂ ನಮಗೆ ಸಂತೋಷವೇ!

ಇಂದು ನಾವು ಆ ಮನುಷ್ಯನ ಕುರಿತಾಗಿಯೇ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ. ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕೂಲಿಗೆ ದುಡಿಯುತ್ತಿದ್ದ ಸಾಮಾನ್ಯ ಸಹಾಯಕರು ತಾವೇ ಒಂದು ಸಂಘವನ್ನು ಕಟ್ಟಿಕೊಂಡು, ಅದು ಕಾರ್ಮಿಕ ಸಂಘಟನೆಯಾಗುವುದಕ್ಕೆ ಬಹು ಮುಂಚೆಯೇ ಏನನ್ನು ಸಾಧಿಸಿದರು, ಏನನ್ನು ಸಾಧಿಸಲಾರದೆ ಹೋದರು ಎಂಬ ಚರಿತ್ರೆಯು ಆಂಗ್ಲ ದೇಶದಲ್ಲಿ ನಡೆದುದಾಗಿದೆ. ದೂರದೇಶದ ಕಥೆ ನಮಗೇತಕ್ಕೆಂದು ಕೆಲವರು ಕೇಳಬಹುದು. ಆ ಸಂಘದಿಂದ ಹೊರಟ ಒಂದು ಎಳೆಯು ಮದರಾಸಿಗೂ ಅಲ್ಲಿಂದ ನಮ್ಮ ಬೆಂಗಳೂರಿಗೂ ಬಂದು ಮುಟ್ಟಿದೆ. ಆ ಮಾತನ್ನು ಕೊನೆಯಲ್ಲಿ ನಿವೇದಿಸುವೆವು.

ಮೊದಲು ಹಣದ ಮಾತು. 1850ರಲ್ಲಿ ವಿಲಿಯಂ ಎವರ್ಟ್ ಎಂಬ ಶಾಸನಸಭಾ ಸದಸ್ಯರ ಪ್ರಯತ್ನದಿಂದ ಆಂಗ್ಲ ದೇಶದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು ಜಾರಿಗೆ ಬಂದಿತು. ಹತ್ತು ಸಾವಿರಕ್ಕೆ ಮೇಲ್ಪಟ್ಟ ಜನಸಂಖ್ಯೆಯುಳ್ಳ ಪಟ್ಟಣಗಳು, ಕರ ಕೊಡುವವರಲ್ಲಿ ಮೂರರಲ್ಲಿ ಎರಡು ಪಾಲು ಮತಗಳು ದೊರೆತರೆ, ಗ್ರಂಥಾಲಯಕ್ಕಾಗಿ ಪೌಂಡಿಗೆ ಅರ್ಧ ಪೆನ್ನಿಯ ಕರವನ್ನು ವಿಧಿಸಬಹುದೆಂದು ಅದರಲ್ಲಿ ಹೇಳಿದ್ದಿತು. ಆ ಹಣದಿಂದ ಕಟ್ಟಡವನ್ನು ಕಟ್ಟಬಹುದು, ನೌಕರರನ್ನಿಡಬಹುದು. ಆದರೆ ಪುಸ್ತಕಗಳನ್ನು ಮಾತ್ರ ಕೊಳ್ಳಕೂಡದು! ಪುಸ್ತಕಗಳು ದಾನವಾಗಿ ಬಂದಾವೆಂಬುದು ಶಾಸನಕರ್ತರ ನಂಬಿಕೆಯಾಗಿದ್ದಿತು. 1855ರಲ್ಲಿ ಈ ವಿಚಿತ್ರವನ್ನು ತಿದ್ದಿ, ಪುಸ್ತಕ ಕೊಳ್ಳಲು ಅನುಮತಿಯಿತ್ತು, ಕರವನ್ನು ಒಂದು ಪೆನ್ನಿಗೆ ಏರಿಸಿದರು. ಆ ಒಂದು ಪೆನ್ನಿಯ ಮಿತಿಯು 1919ರವರೆಗೆ, ಎಂದರೆ ಅರುವತ್ತನಾಲ್ಕು ವರ್ಷಗಳ ಕಾಲ, ದೇಶದ ಸಾಮಾನ್ಯ ಕಾನೂನಾಗಿ ನಿಂತಿತು.

ಈ ಪೆನ್ನಿಯ ಅರ್ಥವೇನೆಂಬುದನ್ನು ಶಾಲೆಯ ಲೆಕ್ಕದಂತೆ ಬಿಡಿಸಿ ನೋಡೋಣ. ಒಂದು ಪಟ್ಟಣದಲ್ಲಿ ಕರಕ್ಕೊಳಪಟ್ಟ ಮನೆ ಮಳಿಗೆಗಳ ವಾರ್ಷಿಕ ಬೆಲೆಯು 60,000 ಪೌಂಡುಗಳೆಂದಿಟ್ಟುಕೊಳ್ಳಿರಿ. ಪೌಂಡಿಗೆ ಒಂದು ಪೆನ್ನಿಯಂತೆ 60,000 ಪೆನ್ನಿಗಳು ಬಂದುವು. ಆಗಿನ ನಾಣ್ಯಕ್ರಮದಲ್ಲಿ 240 ಪೆನ್ನಿಗಳಿಗೆ ಒಂದು ಪೌಂಡು. ಆದುದರಿಂದ ಗ್ರಂಥಾಲಯದ ವರ್ಷದ ಸಮಸ್ತ ಆದಾಯವೂ 250 ಪೌಂಡುಗಳು. ಇದರಲ್ಲಿಯೇ ಕಟ್ಟಡದ ಸಾಲಕ್ಕೆ ಬಡ್ಡಿ, ಇದರಲ್ಲಿಯೇ ಅನಿಲದ ದೀಪ, ಚಳಿಗಾಲದ ಕಲ್ಲಿದ್ದಲು, ಪತ್ರಿಕೆಗಳು, ಪುಸ್ತಕಗಳು, ರಟ್ಟು ಕಟ್ಟುವವನ ಕೂಲಿ. ಇವೆಲ್ಲವೂ ತೀರಿದ ಮೇಲೆ ಉಳಿದುದು ಗ್ರಂಥಪಾಲನಿಗೆ. ಅವನಿಂದ ಉಳಿದುದು ಸಹಾಯಕರಿಗೆ. ಬಡ್ಡಿಯನ್ನು ಕಡಿಮೆಮಾಡೆಂದರೆ ಸಾಲಗಾರನು ಕೇಳಲಾರನು. ಕಲ್ಲಿದ್ದಲಿನ ವ್ಯಾಪಾರಿಯೂ ಕೇಳಲಾರನು. ಕೇಳುವವನು ಸಹಾಯಕನೊಬ್ಬನೇ. ಆದುದರಿಂದ ಕೊರತೆಯೆಲ್ಲವೂ ಅವನ ತಲೆಯ ಮೇಲೆಯೇ ಬಂದು ಕುಳಿತಿತು.

ಈ ಕಾಯಿದೆಗಾಗಿ ಎವರ್ಟರೊಡನೆ ದುಡಿದ ಎಡ್ವರ್ಡ್ ಎಡ್ವರ್ಡ್ಸ್ ಎಂಬವರ ಗತಿಯನ್ನು ನೋಡಿರಿ. ಇಟ್ಟಿಗೆ ಕಟ್ಟುವವನ ಮಗನಾದ ಇವರು ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಭಂಡಾರದಲ್ಲಿ ಸಹಾಯಕರಾಗಿದ್ದು, ನಾನಾ ದೇಶಗಳ ಗ್ರಂಥಾಲಯಗಳ ಅಂಕಿ ಅಂಶಗಳನ್ನು ಕೂಡಿಹಾಕಿ ಶಾಸನಸಭೆಯ ಸಮಿತಿಯ ಮುಂದೆ ಸಾಕ್ಷ್ಯ ನುಡಿದವರು. 1852ರಲ್ಲಿ ಮ್ಯಾಂಚೆಸ್ಟರಿನ ಗ್ರಂಥಾಲಯವು ತೆರೆದಾಗ ಅದರ ಮೊದಲ ಗ್ರಂಥಪಾಲರು ಇವರೇ. ಆ ಸಮಾರಂಭಕ್ಕೆ ಡಿಕನ್ಸ್, ಥ್ಯಾಕರೆ ಮೊದಲಾದ ಸಾಹಿತ್ಯರತ್ನಗಳು ಬಂದಿದ್ದರು. ಆದರೆ ಸಮಿತಿಯವರೊಡನೆ ವಿರಸವುಂಟಾಗಿ 1858ರಲ್ಲಿ ಎಡ್ವರ್ಡ್ಸರು ಕೆಲಸವನ್ನು ಕಳೆದುಕೊಂಡರು. 1886ರಲ್ಲಿ ಬಡತನದಲ್ಲಿಯೇ ತೀರಿಕೊಂಡರು. ಗ್ರಂಥಾಲಯ ಚಳವಳಿಯ ಆದ್ಯ ಪುರುಷನ ಪಾಡೇ ಇದಾದ ಮೇಲೆ ಕೆಳಗಿನ ಹುಡುಗರ ಪಾಡನ್ನು ಹೇಳತಕ್ಕುದೇನಿದೆ?

ಆ ಸಹಾಯಕರಲ್ಲಿ ಬಹುಮಂದಿ ಪ್ರಾಥಮಿಕ ಶಾಲೆಯನ್ನು ಮುಗಿಸಿದೊಡನೆಯೇ ಬಂದು ಸೇರಿದ ಬಾಲಕರು. ಮುಂಜಾನೆ ವಾಚನಮಂದಿರವನ್ನು ತೆರೆದು ಪತ್ರಿಕೆಗಳನ್ನು ಹರವಬೇಕು. ಕೆಲವು ಪಟ್ಟಣಗಳಲ್ಲಿ, ಜೂಜುಗಾರರು ಬಂದು ನೆರೆಯಬಾರದೆಂದು ಕುದುರೆ ಪಂದ್ಯದ ಸುದ್ದಿಗಳ ಮೇಲೆ ಕಪ್ಪು ಮಸಿ ಬಳಿಯುವುದೂ ಬೆಳಗಿನ ಕೆಲಸಗಳಲ್ಲೊಂದಾಗಿದ್ದಿತು. ಓದುಗರು ಕಪಾಟುಗಳ ಬಳಿಗೆ ಹೋಗುವಂತಿರಲಿಲ್ಲ. ಕಟ್ಟೆಯ ಮೇಲೆ ಸಾವಿರಾರು ಸಣ್ಣ ಗೂಡುಗಳುಳ್ಳ ಒಂದು ಚೌಕಟ್ಟು. ಪ್ರತಿಯೊಂದು ಗೂಡಿಗೂ ಪುಸ್ತಕದ ಸಂಖ್ಯೆ. ನೀಲಿ ತುದಿ ಕಂಡರೆ ಪುಸ್ತಕ ಒಳಗಿದೆ, ಕೆಂಪು ಕಂಡರೆ ಹೊರಗೆ ಹೋಗಿದೆ. ಓದುಗನು ಸಂಖ್ಯೆ ಹೇಳಿದೊಡನೆ ಹುಡುಗನು ಏಣಿ ಹತ್ತಿ ತರಬೇಕು. ದುಡಿಯುವ ಜನರು ಸಂಜೆಯ ಹೊತ್ತಿಗೆ ಬರುವವರಾದುದರಿಂದ ರಾತ್ರಿ ಒಂಬತ್ತು ಹತ್ತು ಗಂಟೆಯವರೆಗೂ ಬಾಗಿಲು ತೆರೆದಿರುತ್ತಿದ್ದಿತು. ನಡುವೆ ಒಂದೆರಡು ತಾಸು ಬಿಡುವು ಕೊಟ್ಟು, ದಿನವನ್ನು ತುಂಡು ತುಂಡು ಮಾಡಿ ದುಡಿಸುತ್ತಿದ್ದರು. ಊರಿನವರಿಗೆಲ್ಲಾ ಓದಲು ಪುಸ್ತಕ ತಂದುಕೊಡುವವನಿಗೆ ತಾನು ಓದಲು ಹೊತ್ತಿಲ್ಲ! 1871ರಿಂದ ಮ್ಯಾಂಚೆಸ್ಟರಿನಲ್ಲಿ ಸ್ತ್ರೀಯರನ್ನೂ ಈ ಕೆಲಸಕ್ಕೆ ತೆಗೆದುಕೊಳ್ಳಲಾರಂಭಿಸಿದರು. ಇದರಿಂದ ಸ್ತ್ರೀಯರಿಗೆ ಒಂದು ಗೌರವದ ಉದ್ಯೋಗವು ದೊರೆಯಿತೆಂಬುದು ನಿಜ. ಆದರೆ ಪುರುಷರಿಗಿಂತ ಕಡಿಮೆ ಸಂಬಳಕ್ಕೆ ಅವರು ದೊರೆಯುತ್ತಿದ್ದರೆಂಬುದೂ ಅಷ್ಟೇ ನಿಜವಾಗಿದೆ.

ಇಂಥ ಕಾಲದಲ್ಲಿ ಆಂಡ್ರೂ ಕಾರ್ನೆಗಿಯವರ ಮಹಾದಾನವು ಆರಂಭವಾಯಿತು. 1883ರಲ್ಲಿ ಅವರ ಹುಟ್ಟೂರಾದ ಡನ್ಫರ್ಮ್ಲಿನ್ನಿನಲ್ಲಿ ಮೊದಲನೆಯ ಗ್ರಂಥಾಲಯವು ತೆರೆಯಿತು. ಮುಂದೆ ಬ್ರಿಟನ್ ಮತ್ತು ಐರ್ಲಂಡುಗಳಲ್ಲಿ ಆರುನೂರಕ್ಕೂ ಹೆಚ್ಚು ಕಟ್ಟಡಗಳು ಅವರ ಹಣದಿಂದ ಎದ್ದುವು. ಆದರೆ ಕಾರ್ನೆಗಿಯವರ ನಿಯಮವು ಸ್ಪಷ್ಟವಾಗಿದ್ದಿತು: ಕಟ್ಟಡವು ತಮ್ಮದು, ಅದನ್ನು ನಡೆಸುವ ಭಾರವು ಊರಿನದು. ಊರಿಗಿದ್ದುದಾದರೋ ಅದೇ ಒಂದು ಪೆನ್ನಿ. ಕಟ್ಟಡವು ದೊಡ್ಡದಾದಂತೆ ದೀಪದ, ಕಲ್ಲಿದ್ದಲಿನ ವೆಚ್ಚವೂ ದೊಡ್ಡದಾಯಿತು. ಹೀಗೆ ಕಲ್ಲಿನ ಕಂಬಗಳು ಎತ್ತರವಾದಷ್ಟೂ ಅವುಗಳ ಕೆಳಗೆ ದುಡಿಯುವವನ ಪಾಲು ತಗ್ಗುತ್ತ ಹೋಯಿತು. ದಾನಿಯನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಗುಡಿ ಕಟ್ಟಿಸಿದ ಪುಣ್ಯವಂತನು ಪೂಜಾರಿಯ ಹೊಟ್ಟೆಪಾಡಿಗೆ ಉಂಬಳಿ ಬಿಡದೆ ಹೋದರೆ ದೇವರ ಮುಂದಿನ ದೀಪ ಎಷ್ಟು ದಿನ ಉರಿದೀತೆಂಬುದನ್ನು ಮಾತ್ರ ನಾವು ಕೇಳುತ್ತೇವೆ.

ಹಿರಿಯ ಗ್ರಂಥಪಾಲರು 1877ರಲ್ಲಿಯೇ ಲಂಡನ್ನಿನಲ್ಲಿ ಸಮ್ಮೇಳನವನ್ನು ಕೂಡಿಸಿ ತಮ್ಮದೊಂದು ಗ್ರಂಥಾಲಯ ಸಂಘವನ್ನು ಸ್ಥಾಪಿಸಿದ್ದರು. ಅದು ಯಜಮಾನರ ಸ್ಥಾನದಲ್ಲಿದ್ದವರ ಕೂಟ. ಅಲ್ಲಿ ಸಹಾಯಕನ ದನಿ ಕೇಳಿಸುವಂತಿರಲಿಲ್ಲ. ಆದುದರಿಂದ 1895ರಲ್ಲಿ ಸಹಾಯಕರು ಲಂಡನ್ನಿನಲ್ಲಿ ನೆರೆದು ಗ್ರಂಥಾಲಯ ಸಹಾಯಕರ ಸಂಘವೆಂಬ ಹೆಸರಿನಿಂದ ತಮ್ಮದೇ ಆದ ಸಂಸ್ಥೆಯನ್ನು ಕಟ್ಟಿಕೊಂಡರು. 1898ರಿಂದ ‘ಗ್ರಂಥಾಲಯ ಸಹಾಯಕ’ ಎಂಬರ್ಥದ ಹೆಸರುಳ್ಳ ತಮ್ಮದೇ ಪತ್ರಿಕೆಯನ್ನೂ ಹೊರಡಿಸಿದರು. ಹಿರಿಯರಲ್ಲಿ ಕೆಲವರು ಇದನ್ನು ಸಂಶಯದಿಂದ ನೋಡಿದರು. ಕೆಲವರು ಮನಃಪೂರ್ವಕವಾಗಿ ಹರಸಿದರು.

ಈ ಸಂಘವು ಮೊದಲು ಕೈಗೆತ್ತಿಕೊಂಡ ಕಾರ್ಯ ಯಾವುದು? ಸಂಬಳ ಹೆಚ್ಚಿಸಿರೆಂಬ ಕೂಗೇ? ಅಲ್ಲ. ಅವರು ಮೊದಲು ಓದಲು ಕುಳಿತರು. ಒಬ್ಬರು ಪ್ರಬಂಧವನ್ನೋದುವುದು, ಉಳಿದವರು ಚರ್ಚಿಸುವುದು. ಹಿರಿಯ ಸಂಘವು 1885ರಿಂದ ನಡೆಸುತ್ತಿದ್ದ ಪರೀಕ್ಷೆಗಳಿಗೆ ಕೂಡಿ ಅಭ್ಯಾಸ ಮಾಡುವುದು. ಪತ್ರಿಕೆಯ ಮೂಲಕ ದೂರದ ಪಟ್ಟಣಗಳಲ್ಲಿ ಒಂಟಿಯಾಗಿದ್ದವರನ್ನು ಮುಟ್ಟುವುದು. ಇದಕ್ಕೆ ತಕ್ಕ ಕಾಲವೂ ಒದಗಿ ಬಂದಿತು. 1894ರಲ್ಲಿ ಜೇಮ್ಸ್ ಡಫ್ ಬ್ರೌನರು ಲಂಡನ್ನಿನ ಕ್ಲರ್ಕನ್‌ವೆಲ್ ಗ್ರಂಥಾಲಯದಲ್ಲಿ ಕಟ್ಟೆಯ ಅಡ್ಡಿಯನ್ನು ತೆಗೆದುಹಾಕಿ, ಓದುಗರು ಕಪಾಟುಗಳ ನಡುವೆ ತಾವೇ ನಡೆದಾಡಿ ಪುಸ್ತಕವನ್ನು ಆರಿಸಿಕೊಳ್ಳುವ ಪದ್ಧತಿಯನ್ನು ತಂದಿದ್ದರು. ಅವರೂ ಸಹಾಯಕರಾಗಿಯೇ ಮೇಲೆ ಬಂದವರು. ಏಣಿ ಹತ್ತಿ ಇಳಿಯುವುದಕ್ಕೆ ಕಾಲುಗಳಿದ್ದರೆ ಸಾಕು. ತೆರೆದ ಕಪಾಟಿನ ನಡುವೆ ನಿಂತ ಓದುಗನಿಗೆ ದಾರಿ ತೋರುವುದಕ್ಕೆ ತಿಳಿವಳಿಕೆಯಿರಬೇಕು. ವಿಷಯವಿಭಾಗ, ಸೂಚೀಪತ್ರ, ಗ್ರಂಥಜ್ಞಾನ ಇವು ಈಗ ಸಹಾಯಕನಿಗೂ ಬೇಕಾದುವು. ತಿಳಿವಳಿಕೆಯುಳ್ಳವನನ್ನು ಕೂಲಿಯ ಹುಡುಗನಂತೆ ಕಾಣುವುದೂ ಕಷ್ಟವಾಯಿತು.

ಆದರೂ ಇವರು ಕಾರ್ಮಿಕ ಸಂಘಟನೆಯೇಕೆ ಆಗಲಿಲ್ಲ? ಮೊದಲನೆಯದಾಗಿ, ಅವರ ಸಂಖ್ಯೆಯು ಸ್ವಲ್ಪವಾಗಿದ್ದು ನೂರಾರು ಊರುಗಳಲ್ಲಿ ಚದರಿಹೋಗಿದ್ದಿತು. ಗಿರಣಿಯಲ್ಲಿ ಸಾವಿರ ಜನರು ಒಂದೇ ಬಾಗಿಲಿನಿಂದ ಹೊರಬರುವರು. ಗ್ರಂಥಾಲಯದಿಂದ ನಾಲ್ವರು ಹೊರಬಂದರೆ ಹೆಚ್ಚು. ಎರಡನೆಯದಾಗಿ, ನಾವು ವಿದ್ಯಾವೃತ್ತಿಯವರು, ಕೂಲಿಗಾರರ ಹಾದಿಯು ನಮಗೆ ಸಲ್ಲದು ಎಂಬ ಅಭಿಮಾನವೂ ಅವರಲ್ಲಿದ್ದಿತು. ಈ ಅಭಿಮಾನವು ನಮ್ಮ ಶಾಲಾ ಮಾಸ್ತರರಿಗೆ ಹೊಸದಲ್ಲವಷ್ಟೆ! ಮೂರನೆಯದಾಗಿ, ಹೋರಾಡಬೇಕಾದುದು ಯಾರ ಮೇಲೆ? ಪುರಸಭೆಯ ಸಮಿತಿಯವರು ಕೈ ಮುಗಿದು, ಕೊಡಲು ಮನಸ್ಸಿದೆ, ಆದರೆ ಕಾನೂನು ಒಂದು ಪೆನ್ನಿಯ ಮೇಲೆ ಬಿಡದು, ಎಂದುಬಿಟ್ಟರೆ ಮುಂದೆ ಮಾತಿಲ್ಲ. ಮುಷ್ಕರ ಹೂಡಿದರೂ ಕಾನೂನಿನ ಮೇಲೆ ಹೂಡಿದಂತಾಗುವುದು.

ಹೀಗೆ ವರ್ಷಗಳು ಕಳೆದುವು. ಆದರೆ ಓದಿದ ಮನಸ್ಸು ಸುಮ್ಮನಿರಲಾರದು. 1911ರಲ್ಲಿ ಸಂಘವು ಪುರಸಭೆಗಳ ಗ್ರಂಥಾಲಯಗಳಲ್ಲಿರುವ ಸಹಾಯಕರ ದುಡಿಮೆಯ ಗಂಟೆಗಳು, ಸಂಬಳ, ಶಿಕ್ಷಣ, ಸೇವಾನಿಯಮಗಳು ಇವುಗಳನ್ನು ಕುರಿತು ತಾನೇ ವಿಚಾರಣೆ ನಡೆಸಿ ವರದಿಯನ್ನು ಪ್ರಕಟಿಸಿತು. ನಮ್ಮ ಅಭಿಪ್ರಾಯದಲ್ಲಿ ಈ ಚರಿತ್ರೆಯಲ್ಲೆಲ್ಲಾ ಇದೇ ತಿರುವಿನ ಘಟ್ಟ. ಅದುವರೆಗೆ ಒಬ್ಬೊಬ್ಬನ ಕಷ್ಟವು ಅವನವನ ಮನೆಯ ಗೋಳಾಗಿದ್ದಿತು. ಲೆಕ್ಕವಾಗಿ ಬರೆದು ಮುಂದಿಟ್ಟ ಮೇಲೆ ಅದು ಸಾರ್ವಜನಿಕ ವಿಷಯವಾಯಿತು. ಇತರರ ಪುಸ್ತಕಗಳಿಗೆ ಸೂಚಿಯನ್ನು ಸಿದ್ಧಪಡಿಸುವುದನ್ನು ಕಲಿತವರು ತಮ್ಮ ಬದುಕಿಗೂ ಒಂದು ಸೂಚಿಯನ್ನು ಸಿದ್ಧಪಡಿಸಿದರು.

ಅನಂತರ 1914ರ ಮಹಾಯುದ್ಧವು ಬಂದಿತು. ಗಂಡಸರು ರಣರಂಗಕ್ಕೆ ತೆರಳಿದರು, ಸ್ತ್ರೀಯರು ಹೆಚ್ಚಾಗಿ ಕೆಲಸಕ್ಕೆ ಬಂದರು, ಬೆಲೆಗಳು ಏರಿದುವು. ಪೆನ್ನಿ ಮಾತ್ರ ಏರಲಿಲ್ಲ. ಅದೇ ಪೆನ್ನಿಯಿಂದ ಗ್ರಂಥಾಲಯಗಳನ್ನು ನಡೆಸುವುದು ಅಸಾಧ್ಯವೆಂಬುದು ಎಲ್ಲರಿಗೂ ಮನದಟ್ಟಾಗಿ, 1919ರ ಕಾಯಿದೆಯಿಂದ ಆ ಮಿತಿಯು ತೊಲಗಿತು. ಇತ್ತ ಪುರಸಭೆಗಳ ನೌಕರರೆಲ್ಲರೂ ಸೇರಿ 1905ರಲ್ಲಿ ಕಟ್ಟಿದ್ದ ರಾಷ್ಟ್ರೀಯ ಸಂಸ್ಥೆಯೊಂದಿದ್ದಿತು. ಅದನ್ನು ‘ನಾಲ್ಗೊ’ ಎಂದು ಕರೆಯುತ್ತಿದ್ದರು. ಅದೂ ಮೊದಲು ಕಾರ್ಮಿಕ ಸಂಘಟನೆಯೆಂಬ ಹೆಸರಿಗೇ ಹಿಂಜರಿಯುತ್ತಿದ್ದುದು, 1920ರಲ್ಲಿ ಕಾನೂನಿನ ಪ್ರಕಾರ ಕಾರ್ಮಿಕ ಸಂಘವೆಂಬ ಮಾನ್ಯತೆಯನ್ನು ಪಡೆಯಿತು. ಸಂಬಳ ಸಾರಿಗೆಗಳ ಹೋರಾಟವು ಕ್ರಮೇಣ ಅದರ ಪಾಲಿಗೆ ಹೋಯಿತು. ಸಹಾಯಕರ ಸಂಘವು 1922ರಲ್ಲಿ ತನ್ನ ಹೆಸರನ್ನು ಬದಲಾಯಿಸಿ, 1930ರಲ್ಲಿ ಹಿರಿಯ ಗ್ರಂಥಾಲಯ ಸಂಘದ ಒಂದು ಅಂಗವಾಗಿ ಕೂಡಿಕೊಂಡು ವಿದ್ಯೆಯ ಕಾರ್ಯವನ್ನು ಮುಂದುವರಿಸಿತು. ನಾಲ್ಗೊ 1964ರಲ್ಲಿ ಆ ದೇಶದ ಕಾರ್ಮಿಕ ಮಹಾಸಂಘವನ್ನು ಸೇರಿ, 1993ರಲ್ಲಿ ಇತರ ಎರಡು ಸಂಘಗಳೊಡನೆ ಕೂಡಿ ‘ಯೂನಿಸನ್’ ಎಂಬ ಸಂಘಟನೆಯಾಯಿತು.

ಈಗ ನಿರ್ಣಯದ ಮಾತು. ಸಂಘಟನೆಯಿಲ್ಲದೆ ಪ್ರಬಂಧಗಳನ್ನೋದುತ್ತ ಕುಳಿತ ಆ ಇಪ್ಪತ್ತೈದು ವರ್ಷಗಳು ವ್ಯರ್ಥವಾದುವೆಂದು ಹೇಳುವವರುಂಟು. ವಿದ್ಯೆಯೇ ಸಾಕಾಗಿದ್ದಿತು, ಹೋರಾಟವು ಅನಾವಶ್ಯಕವೆಂದು ಹೇಳುವವರೂ ಉಂಟು. ನಾವು ಎರಡನ್ನೂ ಒಪ್ಪುವುದಿಲ್ಲ. ವಿದ್ಯೆಯು ಅವರಿಗೆ ಬೆನ್ನೆಲುಬನ್ನು ಕೊಟ್ಟಿತು; ಆದರೆ ಅನ್ನವನ್ನು ಕೊಡಲಿಲ್ಲ. ಪೆನ್ನಿಯ ಕಟ್ಟನ್ನು ಯಾವ ಪರೀಕ್ಷೆಯ ಪ್ರಶಸ್ತಿಪತ್ರವೂ ಬಿಚ್ಚಲಿಲ್ಲ. ಹಾಗೆಯೇ ವಿದ್ಯೆಯಿಲ್ಲದೆ ಸಂಘಟನೆಯೊಂದೇ ಇದ್ದಿದ್ದರೆ ಸಂಬಳವು ನಾಲ್ಕು ಶಿಲಿಂಗು ಏರುತ್ತಿದ್ದಿತೇನೋ. ಆದರೆ ಗ್ರಂಥಪಾಲನೆಯು ಒಂದು ವಿದ್ಯಾವೃತ್ತಿಯೆಂಬ ಮಾತು ಹುಟ್ಟುತ್ತಿರಲಿಲ್ಲ. ಅವರಿಗಾದ ನಿಜವಾದ ನಷ್ಟವೆಂದರೆ, ಗೌರವದ ಹೆಸರಿನಲ್ಲಿ ಕಷ್ಟವನ್ನು ಬಹುಕಾಲ ಬಾಯಿಬಿಟ್ಟು ಹೇಳದೆ ಇದ್ದುದು.

ಇನ್ನು ನಾವು ಮೊದಲಲ್ಲಿ ಹೇಳಿದ ಎಳೆಯ ಸಂಗತಿ. ಬೋರ್ನ್‌ಮತ್ ಪಟ್ಟಣದ ಗ್ರಂಥಾಲಯದಲ್ಲಿ ಸಹಾಯಕರಾಗಿ ಸೇರಿ ಬೆಳೆದವರು ಬರ್ವಿಕ್ ಸೇಯರ್ಸ್. ಇವರು ಸಹಾಯಕರ ಸಂಘದ ಕಾರ್ಯದರ್ಶಿಯೂ ಅಧ್ಯಕ್ಷರೂ ಆಗಿ ದುಡಿದರು. ಮುಂದೆ ಕ್ರಾಯ್ಡನ್ನಿನ ಮುಖ್ಯ ಗ್ರಂಥಪಾಲರಾಗಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗ್ರಂಥಾಲಯ ಶಾಸ್ತ್ರವನ್ನು ಬೋಧಿಸಿದರು. 1924ರಲ್ಲಿ ಅವರ ಮುಂದೆ ಶಿಷ್ಯರಾಗಿ ಕುಳಿತವರು ಮದರಾಸಿನ ಗಣಿತದ ಅಧ್ಯಾಪಕರಾಗಿದ್ದ ಎಸ್. ಆರ್. ರಂಗನಾಥನ್. ಇವರು ಹಿಂದಿರುಗಿ ಬಂದು ನಮ್ಮ ದೇಶದಲ್ಲಿ ಗ್ರಂಥಾಲಯ ಶಾಸ್ತ್ರವನ್ನೇ ಹುಟ್ಟುಹಾಕಿದರು. ಅವರ ಶ್ರಮದ ಫಲವಾಗಿ 1948ರಲ್ಲಿ ಮದರಾಸು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು ಬಂದಿತು. ಗ್ರಂಥಾಲಯಕ್ಕಾಗಿ ಪ್ರತ್ಯೇಕ ಕರವೆಂಬ ತತ್ತ್ವವು ಅದರೊಡನೆ ನಮ್ಮ ಕಡೆಗೂ ಬಂದಿತು.

ಆಗ ಬಳ್ಳಾರಿಯೂ ದಕ್ಷಿಣ ಕನ್ನಡವೂ ಮದರಾಸಿಗೆ ಸೇರಿದ್ದುವು. ಕನ್ನಡಿಗರಲ್ಲಿ ಕೆಲವರಿಗೆ ಮದರಾಸಿನ ಕಾಯಿದೆ, ಕಲಬುರ್ಗಿ ರಾಯಚೂರುಗಳ ಕಡೆಯವರಿಗೆ 1955ರ ಹೈದರಾಬಾದಿನ ಕಾಯಿದೆ, ಉಳಿದವರಿಗೆ ಅಂಥದೇನೂ ಇಲ್ಲ. ಒಂದೇ ನುಡಿಯ ಪುಸ್ತಕಗಳಿಗೆ ಹೀಗೆ ಬೇರೆ ಬೇರೆ ಗತಿ! 1956ರ ನವೆಂಬರ್ 1ರಂದು ನಾಡು ಒಂದಾಯಿತು. 1965ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಗ್ರಂಥಾಲಯ ಕಾಯಿದೆಯಾಯಿತು. ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವು ಎಲ್ಲೆಡೆಗೂ ಬಂದಿತು. ರಂಗನಾಥನ್ನರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು, 1962ರಲ್ಲಿ ಅಲ್ಲಿ ಶಿಕ್ಷಣ ಸಂಶೋಧನ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅಲ್ಲಿಯೇ ದೇಹಬಿಟ್ಟರು. ವಿಶ್ವವಿದ್ಯಾಲಯಗಳ ಧನಸಹಾಯ ಆಯೋಗವು 1957ರಲ್ಲಿ ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು. ಗ್ರಂಥಪಾಲರಿಗೆ ಅಧ್ಯಾಪಕರ ಸರಿಸಮಾನವಾದ ಸ್ಥಾನವೂ ಸಂಬಳವೂ ದೊರೆಯಬೇಕೆಂದು ಆ ಸಮಿತಿಯು ಶಿಫಾರಸು ಮಾಡಿತು. ಪೆನ್ನಿಯ ಕಾಲದ ಸಹಾಯಕರು ಕಂಡ ಕನಸು ಇಲ್ಲಿ ಲಿಖಿತ ರೂಪವನ್ನು ತಾಳಿತೆನ್ನಬಹುದು.

ಆದರೆ ಕಾಲೇಜಿನ ಗ್ರಂಥಪಾಲರಿಗೆ ದೊರೆತುದು ಹಳ್ಳಿಯವರಿಗೆ ದೊರೆಯಿತೇ? ನಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳ ಮೇಲ್ವಿಚಾರಕರು ಬಹುಕಾಲ ‘ಗೌರವಧನ’ವೆಂಬ ಹೆಸರಿನ ಅಲ್ಪ ಹಣಕ್ಕೆ ದುಡಿದವರು. ಗೌರವವೆಂಬ ಮಾತನ್ನು ಮುಂದಿಟ್ಟು ಧನವನ್ನು ಹಿಂದಕ್ಕೆ ಸರಿಸುವುದು ಲಂಡನ್ನಿನಲ್ಲಿ ನಡೆದ ಹಳೆಯ ಆಟವೇ ಅಲ್ಲವೇ? 2019ರಲ್ಲಿ ಆ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಅನೇಕ ಕಡೆ ಹೊಸ ಬಣ್ಣ, ಹೊಸ ಕಪಾಟುಗಳನ್ನು ಕಂಡುವು. ಸಂತೋಷ. ಆದರೆ ಬಣ್ಣವನ್ನು ನೋಡುವ ಕಣ್ಣು ಬಾಗಿಲು ತೆರೆಯುವವನನ್ನೂ ನೋಡಬೇಕು.

ಸಭಾಸದರೇ, ನಿಮ್ಮಲ್ಲಿ ಕೆಲವರು ಇಂಥ ಸಮಿತಿಗಳ ಸದಸ್ಯರು, ಅನೇಕರು ಶಿಕ್ಷಕರು. ನಾವು ನಿಮ್ಮಲ್ಲಿ ದೊಡ್ಡದೇನನ್ನೂ ಬೇಡುವುದಿಲ್ಲ. ಮುಂದಿನ ವಾರ್ಷಿಕ ಸಭೆಯಲ್ಲಿ ವರದಿಯನ್ನೋದಿದ ಮೇಲೆ ಎದ್ದು ನಿಂತು ಮೂರು ಪ್ರಶ್ನೆಗಳನ್ನು ಕೇಳಿರಿ: ನಮ್ಮ ಗ್ರಂಥಾಲಯದಲ್ಲಿ ದುಡಿಯುವವರಿಗೆ ತಿಂಗಳಿಗೆ ಎಷ್ಟು ಕೊಡುತ್ತೇವೆ? ದಿನಕ್ಕೆ ಎಷ್ಟು ತಾಸು ದುಡಿಸಿಕೊಳ್ಳುತ್ತೇವೆ? ಅವರು ಓದಿ ಮೇಲೆ ಬರುವುದಕ್ಕೆ ಏನು ಅನುಕೂಲ ಮಾಡಿದ್ದೇವೆ? 1911ರಲ್ಲಿ ಆ ಸಹಾಯಕರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾಗಿ ಬಂದ ಪ್ರಶ್ನೆಗಳಿವು. ಊರೇ ಕೇಳಿದ್ದರೆ ಅವರಿಗೆ ಆ ಕಷ್ಟವಿರುತ್ತಿರಲಿಲ್ಲ. ನಮ್ಮ ಊರಿನಲ್ಲಿ ನಾವೇ ಕೇಳೋಣ.

 ಈ ಸಭೆಯು ಮುಗಿದ ಬಳಿಕ ಕುರ್ಚಿಗಳನ್ನೆತ್ತಿಟ್ಟು ದೀಪವನ್ನಾರಿಸಲು ಬಾಗಿಲ ಬಳಿ ಕಾದು ನಿಂತಿರುವವರಿಗೆ ನಮ್ಮ ವಂದನೆಗಳು ಸಲ್ಲಲಿ.